ಚೀಟಿ ಬರೆದು ನೋಡಿದ ಸಿನಿಮಾಗಳು: ನನ್ನ ಅನುಭವ

ಕಳೆದ ತಿಂಗಳು ನಮ್ಮ ಭಾವ ಫೋನ್ ಮಾಡಿ, “ನಿಮ್ಮ ಆ ಚೀಟಿಯ ನಮೂನೆ ಇದೆಯಲ್ಲ, ಒಂದು ಪ್ರತಿ ಕಳಿಸಮ್ಮ” ಎಂದರು. ಮೂರು ವರ್ಷದ ಹಿಂದೆ ಸರಸ್ವತಿಪುರಂನ ನಮ್ಮ ಮನೆಯ ತಾರಸಿಯಲ್ಲಿ ಕೂತು, “ಸೋತ ಸಿನಿಮಾ ಸೋತಾಯಿತು. ಹಳಸಿದ ಅನ್ನಕ್ಕೆ ಎಷ್ಟು ಒಗ್ಗರಣೆ ಹಾಕಿದರೂ ಚಿತ್ರಾನ್ನ ಆಗುವುದಿಲ್ಲ” ಎಂದು ಹೇಳಿ ಅರ್ಧಕ್ಕೇ ಎದ್ದು ಹೋದವರು ಇದೇ ಭಾವ. ಒಂದು ಕಾಲದಲ್ಲಿ ಫಿಲಂ ಸೊಸೈಟಿ ನಡೆಸಿದ್ದವರು, ನಮಗಿಂತ ಹತ್ತು ಪಟ್ಟು ಸಿನಿಮಾ ನೋಡಿದವರು. ಅವರೇ ಕೇಳಿದ ಮೇಲೆ, ಸಿನಿಮಾಕ್ಕೆ ಮೊದಲೂ ಆಮೇಲೂ ನೋಡುವವರಿಂದ ಅಭಿಪ್ರಾಯ ಬರೆಸಿಕೊಳ್ಳುವ ಈ ಚೀಟಿಯ ಕಥೆಯನ್ನು ಬರೆದಿಡಬೇಕು ಎನ್ನಿಸಿತು. ಮನೆಯಲ್ಲಿ ನಾಲ್ಕು ಜನರನ್ನು ಸೇರಿಸಿ ಹಳೆಯ ಸಿನಿಮಾ ತೋರಿಸುವವರು ಮೈಸೂರಿನಲ್ಲಿ ನಾವೊಬ್ಬರೇ ಅಲ್ಲ. ಪ್ರೊಜೆಕ್ಟರ್ ಹೇಗೆ ಇಡಬೇಕು, ವೈರ್ ಎಲ್ಲಿ ಎಳೆಯಬೇಕು ಎಂಬುದೆಲ್ಲ ನಿಮಗೂ ಗೊತ್ತು. ನಾವು ಎಲ್ಲೆಲ್ಲಿ ಕೈ ಸುಟ್ಟುಕೊಂಡೆವು, ಕೊನೆಗೆ ಯಾವುದು ಕೈ ಹಿಡಿಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ನಾವು ಐವರು ಗೆಳತಿಯರು. ಮಹಾರಾಣಿ ಕಾಲೇಜಿನಲ್ಲಿ ಜೊತೆಗೆ ಓದಿದವರು. ಒಬ್ಬಳು ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದವಳು, ಒಬ್ಬಳು ಔಷಧಿ ಅಂಗಡಿ ನಡೆಸುವವಳು, ಒಬ್ಬಳು ವೀಣೆ ಪಾಠ ಹೇಳುವವಳು, ಇನ್ನೊಬ್ಬಳು ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ನಾನು ವಿಮಾ ಕಚೇರಿಯಲ್ಲಿದ್ದೇನೆ. ಒಂದು ಮದುವೆಗೆ ಹೋಗುವ ಬಸ್ಸಿನಲ್ಲಿ ಮಾತು ‘ರಂಗನಾಯಕಿ’ಯ ಕಡೆ ತಿರುಗಿತು. ಪುಟ್ಟಣ್ಣ ಕಣಗಾಲರ ಆ ಚಿತ್ರ ಬಂದದ್ದು 1981ರಲ್ಲಿ. ನನಗಾಗ ಹನ್ನೆರಡು ವರ್ಷ. ಅಮ್ಮ ಮತ್ತು ಪಕ್ಕದ ಮನೆಯವರು ಆ ಸಿನಿಮಾದ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು. ನಾವು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಬಸ್ಸಿನಲ್ಲಿ ಐವರಿಗೂ ಅದರ ಬಗ್ಗೆ ಗಟ್ಟಿಯಾದ ಅಭಿಪ್ರಾಯವಿತ್ತು. ಅರ್ಧ ಗಂಟೆ ವಾದ ಮಾಡಿದೆವು. ಮಂಡ್ಯ ದಾಟುವ ಹೊತ್ತಿಗೆ ಗೊತ್ತಾಯಿತು, ಐವರಲ್ಲಿ ಒಬ್ಬರೂ ಆ ಚಿತ್ರವನ್ನು ಪೂರ್ತಿ ನೋಡಿರಲಿಲ್ಲ. ಹಾಡುಗಳನ್ನು ಕೇಳಿದ್ದೆವು, ಅಷ್ಟೇ. ನಲವತ್ತು ವರ್ಷ ಬೇರೆಯವರ ಅಭಿಪ್ರಾಯವನ್ನು ನಮ್ಮದೇ ಎಂದು ಹೊತ್ತು ತಿರುಗಿದ್ದೆವಲ್ಲ ಎಂಬ ಸಂಕಟ ನನಗೆ ಆ ಮದುವೆಯ ಊಟದಲ್ಲೂ ಹೋಗಲಿಲ್ಲ.

ಹಾಗಾಗಿ ಹೆಸರು ಕೆಡಿಸಿಕೊಂಡ, ಸೋತ, ಅಥವಾ ಗೆದ್ದರೂ ತಪ್ಪಾಗಿ ಅರ್ಥವಾದ ಕನ್ನಡ ಚಿತ್ರಗಳನ್ನು ಒಟ್ಟಿಗೆ ಕೂತು ಮತ್ತೆ ನೋಡೋಣ ಎಂದು ನಿರ್ಧರಿಸಿದೆವು.

ಮೊದಲ ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತು. ಮೊದಲು ಆರಿಸಿದ್ದು ‘ಒಂದು ಮುತ್ತಿನ ಕಥೆ’. 1987ರದು, ಶಂಕರ್‌ನಾಗ್ ನಿರ್ದೇಶನ, ರಾಜ್‌ಕುಮಾರ್ ನಾಯಕ, ಸ್ಟೈನ್‌ಬೆಕ್ಕನ ‘ದಿ ಪರ್ಲ್’ ಆಧರಿಸಿದ್ದು. ಆ ಇಬ್ಬರು ಸೇರಿದರೆ ಏನಾಗಬಹುದು ಎಂದು ಜನ ಕಟ್ಟಿಕೊಂಡಿದ್ದ ಲೆಕ್ಕಕ್ಕೆ ಆ ಚಿತ್ರ ಹೊಂದಲಿಲ್ಲ. ನನಗೆ ಅದರ ಮೇಲೆ ಬಹಳ ಪ್ರೀತಿ. ದಸರಾ ರಜೆಯಲ್ಲಿ ಎಲ್ಲರೂ ಊರಲ್ಲಿರುತ್ತಾರೆ ಎಂದು ತಾರಸಿಯ ಮೇಲೆ ಏರ್ಪಾಡು ಮಾಡಿದೆ. ಆನ್‌ಲೈನಿನಲ್ಲಿ ಸುಮಾರು 7,000 ಕೊಟ್ಟು ಪುಟ್ಟ ಪ್ರೊಜೆಕ್ಟರ್ ತರಿಸಿದ್ದೆ. ಪರದೆಗೆ ಫ್ಲೆಕ್ಸ್ ಅಂಗಡಿಯಿಂದ ಮುದ್ರಣವಿಲ್ಲದ ಬಿಳಿ ಫ್ಲೆಕ್ಸ್, 600 ರೂಪಾಯಿ ಇರಬೇಕು. ಬಂದವರು 28 ಜನ. ದಸರಾ ದೀಪಾಲಂಕಾರದ ಊರಿನಲ್ಲಿ ತಾರಸಿಯ ಮೇಲೆ ಕತ್ತಲೆ ಎಲ್ಲಿಂದ ಬರಬೇಕು? ಮುಖ್ಯರಸ್ತೆಯ ಬಣ್ಣದ ಸರಗಳ ಬೆಳಕು ನೇರವಾಗಿ ಫ್ಲೆಕ್ಸ್ ಮೇಲೆ ಬಿದ್ದು, ಪರದೆ ಒಮ್ಮೆ ಹಸಿರು, ಒಮ್ಮೆ ಕೆಂಪು. ಆ ಚಿತ್ರದ ಜೀವವಿರುವುದು ನೀರೊಳಗಿನ ದೃಶ್ಯಗಳಲ್ಲಿ. ಅವು ನಮ್ಮ ಪರದೆಯ ಮೇಲೆ ಬರಿ ಬೂದು ಬಣ್ಣದ ಗೋಡೆಯಂತೆ ಕಂಡವು. ಗಾಳಿಗೆ ಫ್ಲೆಕ್ಸ್ ಪಟಪಟ ಬಡಿಯುತ್ತಿತ್ತು. ಇದಕ್ಕೆ ಮೊದಲು ನಾನು ಆ ಚಿತ್ರ ಯಾಕೆ ದೊಡ್ಡದು ಎಂದು 35 ನಿಮಿಷ ಮಾತಾಡಿದ್ದೆ. ಮಧ್ಯಂತರದ ಹೊತ್ತಿಗೆ ಉಳಿದವರು ಆರು ಜನ. ಭಾವ ಒಗ್ಗರಣೆಯ ಮಾತು ಹೇಳಿ ಎದ್ದು ಹೋದದ್ದು ಆ ರಾತ್ರಿಯೇ. ಮೊದಲ ಬಾರಿ ಆ ಚಿತ್ರ ಸೋತಾಗ ನಾನು ಪ್ರೇಕ್ಷಕರನ್ನು ದೂರಿದ್ದೆ. ಎರಡನೇ ಬಾರಿ ಸೋಲಿಸಿದವಳು ನಾನೇ. ಇದು ನನಗೆ ತುಂಬ ನೋವು ಕೊಟ್ಟಿತು.

ಆಮೇಲೆ ಮಹಡಿಯ ಹಜಾರಕ್ಕೆ ಬಂದೆವು. ಬಾಗಿಲು ಹಾಕಿದ ಒಂದು ಟ್ಯೂಷನ್ ಕೇಂದ್ರದವರಿಂದ ಹಳೆಯ ಪ್ರೊಜೆಕ್ಟರ್ ಕೊಂಡೆ, 15,000. ಎರಡೇ ತಿಂಗಳಿಗೆ ಅದರ ದೀಪ ಹೋಯಿತು, ಹೊಸದಕ್ಕೆ 5,000 ಚಿಲ್ಲರೆ. ಸಿನಿಮಾ ಬಲ್ಲ ಹಿರಿಯರೊಬ್ಬರನ್ನು ಕರೆಸಿ ಮಾತಾಡಿಸಿದೆವು. ಅವರು ಚೆನ್ನಾಗಿಯೇ ಮಾತಾಡಿದರು, ಆದರೆ ಅವರೆದುರು ಉಳಿದವರ ಬಾಯಿಗೆ ಬೀಗ ಬಿತ್ತು. ಪರ, ವಿರೋಧ ಎಂದು ಎರಡು ಗುಂಪು ಮಾಡಿ ಚರ್ಚೆ ಇಟ್ಟೆವು. ಔಷಧಿ ಅಂಗಡಿಯವಳಿಗೂ ವೀಣೆಯವಳಿಗೂ ಮೂರು ತಿಂಗಳು ಮಾತು ನಿಂತುಹೋಯಿತು. ಊಟ ಹಾಕಿದರೆ ಜನ ಕೂರುತ್ತಾರೆ ಎಂದು ಒಮ್ಮೆ ಬಿಸಿಬೇಳೆಬಾತ್, ಮೊಸರನ್ನ ಮಾಡಿಸಿದೆವು. 2,200 ಖರ್ಚು, ಉಂಡವರು 26, ಸಿನಿಮಾ ಮುಗಿಯುವವರೆಗೆ ಕೂತವರು 9. ಸ್ಪೀಕರು, ಪರದೆ, ಊಟ, ಬಸ್ ಚಾರ್ಜು ಎಲ್ಲ ಸೇರಿ ಮೊದಲ ವರ್ಷ ಕೈಬಿಟ್ಟದ್ದು 40,000ದ ಹತ್ತಿರ. ಅದರಲ್ಲಿ ಮುಕ್ಕಾಲು ಪಾಲು ನನ್ನದು. ಮನೆಯವರು ಏನೂ ಅನ್ನಲಿಲ್ಲ, ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿತು.

ದಾರಿ ಸಿಕ್ಕಿದ್ದು ಕರೆಂಟ್ ಹೋದದ್ದರಿಂದ.

ಅಂದು ಹಾಕಬೇಕಿದ್ದದ್ದು ಕಾಶಿನಾಥರ ‘ಅನುಭವ’, 1984ರದು. ಬಂದಿದ್ದವರು 13 ಜನ. ಶುರು ಮಾಡುವ ಹೊತ್ತಿಗೆ ಕರೆಂಟ್ ಹೋಯಿತು. ಕತ್ತಲಲ್ಲಿ ಜನ ಚಪ್ಪಲಿ ಹುಡುಕತೊಡಗಿದರು. ಔಷಧಿ ಅಂಗಡಿಯ ಗೆಳತಿ ಚೀಲದಿಂದ ಹಳೆಯ ಬಿಲ್ ಪುಸ್ತಕ ತೆಗೆದು, ಹಾಳೆ ಹರಿದು ಹಂಚಿ, “ಕರೆಂಟ್ ಬರುವವರೆಗೆ ಈ ಸಿನಿಮಾದ ಬಗ್ಗೆ ನಿಮಗೇನು ಗೊತ್ತು, ಬರೆಯಿರಿ. ಹೆಸರು ಹಾಕಬೇಡಿ” ಎಂದಳು. ಮೊಬೈಲ್ ಬೆಳಕಿನಲ್ಲಿ ಎಲ್ಲರೂ ಬರೆದರು. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ಚೀಟಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ತುರುಕಿ ಸಿನಿಮಾ ಹಾಕಿದೆವು.

ಆ ರಾತ್ರಿ ಎಲ್ಲರೂ ಹೋದ ಮೇಲೆ ಚೀಟಿ ಬಿಡಿಸಿ ಓದಿದೆ. ‘ಕೆಟ್ಟ ಸಿನಿಮಾ’, ‘ಗಂಡಸರು ನೋಡುವುದು’, ‘ಕಾಲೇಜಿನಲ್ಲಿ ಹುಡುಗರು ಇದರ ಮಾತು ಹೇಳಿ ನಗುತ್ತಿದ್ದರು’, ‘ಪೋಸ್ಟರ್ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದೆವು’. 13ರಲ್ಲಿ 9 ಜನ ನೋಡಿಯೇ ಇರಲಿಲ್ಲ. ಆದರೆ ಅಂದು ನಮ್ಮ ಹಜಾರದಲ್ಲಿ ಓಡಿದ ಚಿತ್ರದ ಕಥೆಯ ಬೇರು ಇರುವುದು ಎಳೆಯ ಹುಡುಗಿಯನ್ನು ಹೆಂಡತಿ ಎಂದು ಕಟ್ಟುವ ಪದ್ಧತಿಯಲ್ಲಿ. ಮೊದಲರ್ಧ ಗಂಟೆ ನಕ್ಕರು, ಉಮಾಶ್ರೀ ಬಂದಾಗಲೆಲ್ಲ ಇನ್ನೂ ನಕ್ಕರು. ಆಮೇಲೆ ಹಜಾರ ನಿಧಾನವಾಗಿ ಮೌನವಾಯಿತು. ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ಒಬ್ಬ ಅತ್ತಿಗೆ, “ನಮ್ಮ ಅಜ್ಜಿಗೆ ಹತ್ತು ವರ್ಷಕ್ಕೆ ಮದುವೆಯಾಗಿತ್ತು” ಎಂದು ಶುರು ಮಾಡಿದರು. ರಾತ್ರಿ ಹನ್ನೊಂದೂವರೆಯವರೆಗೆ ಕೂತಿದ್ದೆವು. ಒಂದು ವರ್ಷದಲ್ಲಿ ಮೊದಲ ಬಾರಿ, ನಾನು ಒಂದೂ ಮಾತಾಡದೆ ಒಂದು ಚಿತ್ರ ತನ್ನ ಪರವಾಗಿ ತಾನೇ ಮಾತಾಡಿತ್ತು.

ಅಲ್ಲಿಂದ ಪದ್ಧತಿ ಬೆಳೆಯಿತು. ಈಗ ಚೀಟಿಯಲ್ಲಿ ಮೂರು ಪ್ರಶ್ನೆ. ಈ ಚಿತ್ರದ ಬಗ್ಗೆ ನಿಮ್ಮ ತೀರ್ಪೇನು? ಅದನ್ನು ನಿಮಗೆ ಯಾರು ಹೇಳಿದರು? ಕಣ್ಣಿಗೆ ಕಟ್ಟಿದಂತೆ ನೆನಪಿರುವ ಒಂದು ದೃಶ್ಯ ಯಾವುದು? ಎಲ್ಲದರ ಗುಟ್ಟು ಎರಡನೆಯ ಪ್ರಶ್ನೆಯಲ್ಲಿದೆ. ಅದಕ್ಕೆ ಉತ್ತರ ಬರೆಯುವಾಗ ಜನ ಪೆನ್ನು ಎತ್ತಿ ಮೇಲೆ ನೋಡುತ್ತಾರೆ. ‘ಅಣ್ಣ ಹೇಳಿದ್ದ’, ‘ಪತ್ರಿಕೆಯಲ್ಲಿ ಓದಿದ್ದೆ’, ‘ಗೊತ್ತಿಲ್ಲ’ ಎಂದು ಬರೆದವರು ಸಿನಿಮಾ ಶುರುವಾಗುವ ಮೊದಲೇ ಅರ್ಧ ಹಗುರವಾಗಿರುತ್ತಾರೆ. ಚೀಟಿ ಬಾಟಲಿಗೆ ಹೋಗುತ್ತದೆ. ಮುನ್ನುಡಿ ಇಲ್ಲ, ಪರಿಚಯ ಇಲ್ಲ. ನನ್ನ ಬಾಯಿ ಮುಚ್ಚಿಸಲು ನಾಲ್ವರೂ ಸೇರಿ ಮಾಡಿದ ನಿಯಮ ಇದು, ಒಳ್ಳೆಯದೇ ಆಯಿತು. ಸಿನಿಮಾ ಮುಗಿದ ಮೇಲೆ ಚಹಾ, ಚುರುಮುರಿ, ಹತ್ತು ನಿಮಿಷ ಆ ಚಿತ್ರದ ಮಾತು ಎತ್ತಬಾರದು. ಆಮೇಲೆ ಎರಡನೇ ಚೀಟಿ. ಅದರ ನಂತರ ಬಾಟಲಿಯ ಹಳೆಯ ಚೀಟಿಗಳನ್ನು ವೀಣೆಯವಳು ಓದುತ್ತಾಳೆ, ಅವಳ ದನಿಯಲ್ಲಿ ಯಾವ ಬಣ್ಣವೂ ಇರುವುದಿಲ್ಲ. ವಾದ ಇಲ್ಲ. ತನ್ನ ಹಳೆಯ ಚೀಟಿಯ ಬಗ್ಗೆ ಮಾತ್ರ ಮಾತಾಡಬಹುದು, ಬೇರೆಯವರ ಚೀಟಿಯ ಬಗ್ಗೆ ಮಾತಾಡುವಂತಿಲ್ಲ.

ಎಂಟು ಹತ್ತು ದಿನ ಬಿಟ್ಟು ಅದೇ ಜನರಿಗೆ ಅದೇ ಚಿತ್ರದ ಬರಿ ಇಪ್ಪತ್ತು ನಿಮಿಷ ಮತ್ತೆ ತೋರಿಸುತ್ತೇವೆ. ಮೂರನೇ ಚೀಟಿ ಆಗ. ಬಹಳ ಜನ ಸಂಶಯಪಟ್ಟದ್ದು ಇದನ್ನೇ. ಇಪ್ಪತ್ತು ನಿಮಿಷಕ್ಕೆ ಯಾರು ಬಸ್ ಹತ್ತಿ ಬರುತ್ತಾರೆ ಎಂದರು. ಬರುತ್ತಾರೆ. ನಿಜವಾದ ಬದಲಾವಣೆ ನಡೆಯುವುದು ಎರಡನೇ ಚೀಟಿಯಲ್ಲಲ್ಲ, ಮೂರನೆಯದರಲ್ಲಿ. ಯಾವ ಇಪ್ಪತ್ತು ನಿಮಿಷವನ್ನು ಆರಿಸುತ್ತೇನೆ, ಹೇಗೆ ಆರಿಸುತ್ತೇನೆ ಎಂದು ಭಾವನವರೂ ಕೇಳಿದರು. ಕ್ಲೈಮ್ಯಾಕ್ಸ್ ಅಲ್ಲ, ಹಾಡೂ ಅಲ್ಲ ಎಂದಷ್ಟೇ ಹೇಳುತ್ತೇನೆ. ಉಳಿದದ್ದು ನನ್ನ ಬಳಿ ಇರಲಿ, ಮೂರು ವರ್ಷ ಕಷ್ಟಪಟ್ಟು ಕಲಿತದ್ದು.

ಸಲಕರಣೆಯ ವಿಷಯದಲ್ಲಿ ಎರಡು ಮೂರು ಮಾತು ಹೇಳಲೇಬೇಕು, ಏಕೆಂದರೆ ಹಳೆಯ ಚಿತ್ರಗಳ ಹೆಸರು ಕೆಡಿಸುವುದರಲ್ಲಿ ನಮ್ಮ ಟಿವಿಗಳ ಪಾಲೂ ಇದೆ. ಪ್ರೊಜೆಕ್ಟರ್ ಮಾರಿ, ಮೂವರು ಸೇರಿ 55 ಇಂಚಿನ ಟಿವಿ ಕೊಂಡೆವು. 15 ಜನಕ್ಕೆ ಅದೇ ಸಾಕು, ಕಪ್ಪು ಬಣ್ಣ ಕಪ್ಪಾಗಿಯೇ ಕಾಣುತ್ತದೆ. ಆದರೆ ಯೂಟ್ಯೂಬಿನ ಅಧಿಕೃತ ಚಾನೆಲ್‌ಗಳಲ್ಲೂ ಕಪ್ಪು-ಬಿಳುಪು ಚಿತ್ರಗಳನ್ನು ಅಗಲಕ್ಕೆ ಎಳೆದು ಹಾಕಿರುವುದುಂಟು. ಚೌಕಕ್ಕೆ ಹತ್ತಿರವಿದ್ದ ಚಿತ್ರ ಇಡೀ ಪರದೆ ತುಂಬುವಾಗ ಕಲ್ಪನಾ ಅವರ ಮುಖ ಊದಿಕೊಂಡಂತೆ ಕಾಣುತ್ತದೆ, ನಿಂತವರೆಲ್ಲ ಗಿಡ್ಡವಾಗುತ್ತಾರೆ. ಟಿವಿಯ ಅನುಪಾತವನ್ನು 4:3ಕ್ಕೆ ತಂದರೆ ಎರಡು ಬದಿ ಕಪ್ಪು ಪಟ್ಟಿ ಬರುತ್ತದೆ, ಮುಖ ಮುಖವಾಗುತ್ತದೆ. ಚಲನೆಯನ್ನು ನಯಗೊಳಿಸುವ ಸೌಲಭ್ಯ ಬಹಳಷ್ಟು ಹೊಸ ಟಿವಿಗಳಲ್ಲಿ ಇರುತ್ತದೆ, ಅದನ್ನು ಮೊದಲು ಆಫ್ ಮಾಡಿ. ಇಲ್ಲದಿದ್ದರೆ ಪುಟ್ಟಣ್ಣನವರ ಚಿತ್ರವೂ ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ. ಇನ್ನು ಧ್ವನಿ. ಆ ಕಾಲದ ಚಿತ್ರಗಳ ಧ್ವನಿ ಒಂದೇ ಕಡೆಯಿಂದ ಬರುವಂಥದ್ದು. ಕೋಣೆಯ ನಾಲ್ಕು ಮೂಲೆಗೆ ಸ್ಪೀಕರ್ ಇಟ್ಟು ನಾನು ಒಂದು ವರ್ಷ ಮಾತುಗಳನ್ನು ಕಲಸಿಹಾಕಿದ್ದೆ. ಈಗ ಪರದೆಯ ಕೆಳಗೆ, ನಟ್ಟನಡುವೆ, ಒಂದೇ ಸ್ಪೀಕರ್. ಬೇಸ್ ತಗ್ಗಿಸಿ ನಡುವಿನ ದನಿ ಸ್ವಲ್ಪ ಏರಿಸುತ್ತೇನೆ. ವಯಸ್ಸಾದವರು “ಈಗ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ” ಎನ್ನುತ್ತಾರೆ. ಖರ್ಚು ಸೊನ್ನೆ.

ವೀಣೆಯವಳು ಕಂಡುಹಿಡಿದದ್ದನ್ನು ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯನ್ನು ನನ್ನ ಹತ್ತಿರವಿದ್ದ ಹಳೆಯ ಡಿಸ್ಕ್‌ನಿಂದ ಹಾಕಿದ್ದೆವು. 1975ರ ಆ ಚಿತ್ರದ ಹಾಡುಗಾರಿಕೆಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಅವಳು ಎರಡನೇ ಹಾಡಿಗೇ, “ನಿಲ್ಲಿಸು, ಶ್ರುತಿ ಏರಿದೆ. ಏರಿದ್ದು ಅರ್ಧ ಮನೆಗೆ ಒಂಚೂರು ಕಡಿಮೆ” ಎಂದಳು. ಮನೆ ಎಂದರೆ ಸಂಗೀತದವರ ಲೆಕ್ಕದಲ್ಲಿ ಶ್ರುತಿಯ ಒಂದು ಮೆಟ್ಟಿಲು. ನಾನು ನಂಬಲಿಲ್ಲ. ಆಮೇಲೆ ಕಾರಣ ತಿಳಿಯಿತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ, ನಮ್ಮ ಟಿವಿ ಮತ್ತು ಡಿಸ್ಕ್‌ಗಳ ಹಳೆಯ ಪದ್ಧತಿ 25ರದು. ಹಾಗೆ ಬದಲಾಯಿಸಿದ ಪ್ರತಿಯಲ್ಲಿ ಚಿತ್ರ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತದೆ, ದನಿಯೂ ಏರುತ್ತದೆ. ಲ್ಯಾಪ್‌ಟಾಪಿನಲ್ಲಿ ವೇಗವನ್ನು 0.96ಕ್ಕೆ ಇಳಿಸಿ, ವೇಗ ಬದಲಾದರೂ ಶ್ರುತಿಯನ್ನು ಹಾಗೆಯೇ ಉಳಿಸುವ ಆಯ್ಕೆಯ ಗುರುತನ್ನು ತೆಗೆದು, ಚಿತ್ರ ಹಾಕಿದೆ. ಅವಳು ಕಣ್ಣು ಮುಚ್ಚಿ ಕೂತು, ಅರ್ಧ ನಿಮಿಷ ಕೇಳಿ, ತಲೆಯಾಡಿಸಿದಳು. ಎರಡು ಗಂಟೆಗೆ ಐದು ನಿಮಿಷದ ಲೆಕ್ಕದಲ್ಲಿ ಚಿತ್ರ ಉದ್ದವಾಯಿತು. ನಿಧಾನದ ಚಿತ್ರ ಎಂದು ಬೈಸಿಕೊಂಡದ್ದನ್ನು ಇನ್ನೂ ನಿಧಾನ ಮಾಡುತ್ತೀರಾ ಎಂದು ನಮ್ಮ ಮಗ ಕೇಳಿದ. ಕೂತು ಕೇಳಿದ ಮೇಲೆ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಇನ್ನೊಂದು ಪ್ರಯೋಗ ನನ್ನದು. ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಇಡೀ ಸಿನಿಮಾದ ಧ್ವನಿ ಮಾತ್ರ ಬರುತ್ತಿತ್ತು, ಅಡುಗೆ ಮನೆಯಲ್ಲಿ ಕೂತು ಕೇಳುತ್ತಿದ್ದೆವು. ಅದನ್ನೇ ಮಾಡಿದರೆ ಹೇಗೆ ಎನ್ನಿಸಿತು. ಈ ಊರಿಗೆ ಅದು ಒಪ್ಪುವಂಥದ್ದೇ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದ್ದು, ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಇಲ್ಲಿಯೇ ತಾನೇ? ಆರಿಸಿದ್ದು ಪುಟ್ಟಣ್ಣನವರ ‘ಕಥಾಸಂಗಮ’ದ ಮೂರನೆಯ ಕಥೆ, ‘ಮುನಿತಾಯಿ’. ಮೂರು ಸಣ್ಣ ಕಥೆಗಳನ್ನು ಸೇರಿಸಿ ಒಂದು ಚಿತ್ರ ಮಾಡುವ ಧೈರ್ಯ ಅವರಿಗೆ ಎಪ್ಪತ್ತರ ದಶಕದಲ್ಲೇ ಇತ್ತು. ಜನ ಈಗ ಆ ಚಿತ್ರವನ್ನು ನೆನೆಯುವುದು ರಜನೀಕಾಂತ್ ಅವರ ಮೊದಲ ಕನ್ನಡ ಚಿತ್ರ ಎಂದು ಮಾತ್ರ. ಆ ಕಥೆಯಲ್ಲಿ ಆರತಿ ಕಣ್ಣು ಕಾಣದ ಹೆಣ್ಣು, ಆ ಕುರುಡನ್ನೇ ಬಳಸಿಕೊಂಡು ಅವಳಿಗೆ ಮೋಸ ಮಾಡುವವನ ಪಾತ್ರ ರಜನೀಕಾಂತರದು. ಟಿವಿಯ ಮೇಲೆ ದುಪ್ಪಟಿ ಹಾಕಿ ಧ್ವನಿ ಮಾತ್ರ ಹಾಕಿದೆ. ಯಾರೋ ಒಳಗೆ ಬಂದರು ಎಂದು ಗೊತ್ತಾಗುತ್ತದೆ, ಬಂದವರು ಯಾರು ಎಂದು ಗೊತ್ತಾಗುವುದಿಲ್ಲ. ನಮಗೂ ಮುನಿತಾಯಿಗೂ ಆಗ ವ್ಯತ್ಯಾಸವೇ ಇಲ್ಲ. ಬ್ಯಾಂಕಿನ ಗೆಳತಿ ನನ್ನ ಕೈ ಹಿಡಿದುಕೊಂಡಳು. ಅದಾದ ಮೇಲೆ ಚಿತ್ರದೊಂದಿಗೆ ನೋಡಿದೆವು. ಇದೇ ಪ್ರಯೋಗವನ್ನು ಬೇರೆ ಮೂರು ಚಿತ್ರಕ್ಕೆ ಮಾಡಿದೆ, ಒಂದಕ್ಕೂ ಒಪ್ಪಲಿಲ್ಲ, ಜನ ನಿದ್ದೆ ಹೋದರು.

ಇನ್ನು ‘ಉಯ್ಯಾಲೆ’. ನಮ್ಮ ಪದ್ಧತಿ ಕೆಲಸ ಮಾಡುತ್ತದೆ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆ ಚಿತ್ರದಿಂದ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, 1969. ಕಾದಂಬರಿ ಚದುರಂಗರದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಮೈಸೂರಿನಲ್ಲೇ ಬಾಳಿದವರು. ಗಂಡ ಪುಸ್ತಕದಲ್ಲಿ ಮುಳುಗಿದವನು, ಆ ಪಾತ್ರದಲ್ಲಿ ಅಶ್ವತ್ಥ್. ಹೆಂಡತಿ ಕಲ್ಪನಾ. ಆ ಮನೆಗೆ ಬಂದು ಅವಳ ಕಡೆ ಮನಸ್ಸು ತೂಗಾಡಿಸಿಕೊಳ್ಳುವ ಯುವಕ ರಾಜ್‌ಕುಮಾರ್. ಇನ್ನೊಬ್ಬನ ಹೆಂಡತಿಯತ್ತ ಮನಸ್ಸು ಹರಿಸುವ ರಾಜ್‌ಕುಮಾರ್ ಅವರನ್ನು ಆಗಿನ ಎಷ್ಟು ಮನೆಗಳು ಒಪ್ಪಿಕೊಂಡಿರಬಹುದು, ನೀವೇ ಯೋಚಿಸಿ.

ಅಂದು ಬ್ಯಾಂಕಿನ ಗೆಳತಿ ತನ್ನ ಅತ್ತೆಯನ್ನು ಕರೆತಂದಿದ್ದಳು. 78 ವರ್ಷ, ಮೊಣಕಾಲು ನೋವು, ಮಹಡಿ ಹತ್ತಲು ಹತ್ತು ನಿಮಿಷ ಬೇಕಾಯಿತು. ಆ ಚಿತ್ರ ಬಿಡುಗಡೆಯಾದಾಗ ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ನೋಡಿದ್ದರಂತೆ. ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದರು: ‘ರಾಜ್‌ಕುಮಾರ್ ಇಂಥ ಪಾತ್ರ ಮಾಡಬಾರದಿತ್ತು.’ ಯಾರು ಹೇಳಿದರು ಎಂಬಲ್ಲಿ, ‘ನಮ್ಮ ಯಜಮಾನರು, ಟಾಂಗಾದಲ್ಲಿ ವಾಪಸು ಬರುವಾಗ’. ನೆನಪಿರುವ ದೃಶ್ಯದ ಜಾಗ ಖಾಲಿ. ಸಿನಿಮಾ ಮುಗಿದ ಮೇಲಿನ ಚೀಟಿಯಲ್ಲಿ ಏನೂ ಬರೆಯಲಿಲ್ಲ, ಮಡಿಸಿ ಹಾಗೆಯೇ ಕೊಟ್ಟರು. ನನಗೆ ನಿರಾಸೆಯಾಯಿತು. ಆದರೆ ಒಂಬತ್ತು ದಿನದ ಮೇಲೆ ಇಪ್ಪತ್ತು ನಿಮಿಷಕ್ಕೆಂದು ಮತ್ತೆ ಆ ಮೆಟ್ಟಿಲು ಹತ್ತಿ ಬಂದರು. ನಾನು ಆರಿಸಿದ್ದ ಭಾಗದಲ್ಲಿ ಹೆಚ್ಚು ಮಾತಿಲ್ಲ. ಮುಗಿದ ಮೇಲೆ ಚೀಟಿ ಕೊಡಲು ಹೋದರೆ ಬೇಡ ಎಂದು ಕೈ ಆಡಿಸಿ, “ಆಗ ನಾನು ಅವನನ್ನೇ ನೋಡುತ್ತಿದ್ದೆ ಕಣಮ್ಮ. ಅವಳನ್ನು ನೋಡಿಯೇ ಇರಲಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಯಜಮಾನರೂ ಬಹಳ ಓದುತ್ತಿದ್ದರು” ಎಂದರು. ಅವರ ಸೊಸೆ ಅಡುಗೆ ಮನೆಗೆ ಹೋಗಿ ನಿಂತಳು. ಆ ಖಾಲಿ ಚೀಟಿ ನನ್ನ ಹತ್ತಿರ ಇದೆ.

ತಪ್ಪಾಗಿ ಅರ್ಥವಾಗುವುದು ಸೋತ ಚಿತ್ರಗಳಷ್ಟೇ ಅಲ್ಲ. ‘ತಿಥಿ’ಯನ್ನೇ ನೋಡಿ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ, ಆಮೇಲೆ ರಾಷ್ಟ್ರಪ್ರಶಸ್ತಿ, 2016ರಲ್ಲಿ ಬಿಡುಗಡೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಭಿನಯ ಗೊತ್ತಿಲ್ಲದ ಊರಿನವರನ್ನೇ ಇಟ್ಟುಕೊಂಡು ತೆಗೆದದ್ದು. ನಮ್ಮ ಕಡೆ ಅದು, ಚಿತ್ರದ ಶುರುವಿನಲ್ಲೇ ಸಾಯುವ ಮುದುಕ ಸೆಂಚುರಿ ಗೌಡರ ಬೈಗುಳದ ತುಣುಕಾಗಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಚೀಟಿಗಳೂ ಹಾಗೆಯೇ ಬಂದವು: ‘ನಗೆ ಸಿನಿಮಾ’, ‘ಗಡ್ಡಪ್ಪ ಸೂಪರ್’. ಮಂಡ್ಯದ ಟೀಚರ್ ತನ್ನ ತಂದೆಯನ್ನು ರೈಲಿನಲ್ಲಿ ಕರೆತಂದಿದ್ದಳು. ಕಬ್ಬು ಬೆಳೆದು ಬದುಕಿದ ಜೀವ, 74 ವರ್ಷ. ಅವರ ಚೀಟಿಯಲ್ಲೂ ‘ತಮಾಷೆ’ ಎಂದೇ ಇತ್ತು.

ಗಡ್ಡಪ್ಪ ಸೆಂಚುರಿ ಗೌಡರ ಮಗ. ಇಪ್ಪತ್ತು ನಿಮಿಷಕ್ಕೆ ನಾನು ಆರಿಸಿದ್ದು ಗಡ್ಡಪ್ಪನದಲ್ಲ, ಅವನ ಮಗ ತಮ್ಮಣ್ಣ ಜಮೀನಿನ ಕಾಗದಕ್ಕಾಗಿ ಒದ್ದಾಡುವ ಭಾಗ. ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸಿ ಜಮೀನು ಮಾರಲು ಹೊರಟವನು ಅವನು. ಮೊದಲ ಸಲ ಎಲ್ಲರೂ ನಕ್ಕಿದ್ದ ಜಾಗ. ಆ ಹಿರಿಯರು ಎರಡನೇ ಸಲ ನಗಲಿಲ್ಲ. ಟಿವಿ ಆರಿಸಿದ ಮೇಲೆ ಪೌತಿ ಖಾತೆ ಎಂದರೇನು, ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು ಹೇಗೆ ಎಂದು ನಮಗೆಲ್ಲ ಹೇಳತೊಡಗಿದರು. ವಂಶವೃಕ್ಷ ಮಾಡಿಸಲು ಎಷ್ಟು ಸಲ ನಾಡಕಚೇರಿಗೆ ಅಲೆದರು, ಅಣ್ಣತಮ್ಮಂದಿರ ಸಹಿಗೆ ಯಾರ ಯಾರ ಮನೆ ಬಾಗಿಲಲ್ಲಿ ಕೂತರು, ಮಗಳ ಮದುವೆಗೆ ಮುಂಚೆ ಅರ್ಧ ಎಕರೆ ಮಾರಲು ಆಗದೆ ಬಡ್ಡಿಗೆ ಹೇಗೆ ಬಿದ್ದರು. ಟೀಚರ್ ಗೆಳತಿಗೆ ಇದು ಗೊತ್ತೇ ಇರಲಿಲ್ಲ. ಆ ಮದುವೆ ಅವಳದೇ. ಮೂರನೇ ಚೀಟಿಯಲ್ಲಿ ಅವರು ಬರೆದದ್ದು ಎರಡೇ ಪದ: ‘ತಮ್ಮಣ್ಣ ಪಾಪ.’ ಆ ಚಿತ್ರದ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಅದು ನನಗೆ ದೊಡ್ಡದು. ಕುರಿಗಾಹಿಗಳ ನಡುವೆ ಕೂತು ಗಡ್ಡಪ್ಪ ತನ್ನ ಹಿಂದಿನದನ್ನು ಹೇಳುವ ರಾತ್ರಿಯ ದೃಶ್ಯವಿದೆಯಲ್ಲ, ಅದನ್ನು ತಮಾಷೆಯ ತುಣುಕು ಹಂಚುವವರು ಯಾರೂ ಹಂಚಲಿಲ್ಲ. ನೋಡದಿದ್ದವರು ಹುಡುಕಿ ನೋಡಿ.

‘ರಂಗನಾಯಕಿ’ಯನ್ನು ಕಡೆಗೆ ನೋಡಿದೆವು, ಪದ್ಧತಿ ಗಟ್ಟಿಯಾದ ಮೇಲೆ. 11 ಚೀಟಿಯಲ್ಲಿ ಎಂಟು ‘ತಾಯಿ-ಮಗನ ಕೆಟ್ಟ ಕಥೆ’ ಎಂಬ ಅರ್ಥದಲ್ಲಿದ್ದವು. ನಾಟಕ ಬಿಟ್ಟು ಮದುವೆಯಾದ ನಟಿ, ಮತ್ತೆ ರಂಗಕ್ಕೆ ಕಾಲಿಟ್ಟದ್ದಕ್ಕೆ ಗಂಡ ಮತ್ತು ಮಗ ಇಬ್ಬರನ್ನೂ ಕಳೆದುಕೊಂಡವಳು, ಎಂದು ಯಾರೂ ಬರೆದಿರಲಿಲ್ಲ. ಅದೇ ಆ ಚಿತ್ರದ ಬೆನ್ನೆಲುಬು. ತಾಯಿ ಎಂದು ತಿಳಿಯದೆ ಮಗ ಅವಳಿಗೆ ಮನಸೋಲುವ ಭಾಗ ಬರುವುದು ಬಹಳ ಆಮೇಲೆ, ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ. ಆ ದಿನ ನಮ್ಮ ಅಮ್ಮ ಇರಬೇಕಿತ್ತು.

ಎಲ್ಲ ಚಿತ್ರಕ್ಕೂ ಹೀಗೆ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಇದುವರೆಗೆ ನೋಡಿದ್ದು 22 ಇರಬೇಕು. 12ಕ್ಕೆ ಅಭಿಪ್ರಾಯ ಒಳ್ಳೆಯ ಕಡೆಗೆ ತಿರುಗಿತು. ಆರು ಇದ್ದಲ್ಲೇ ಇದ್ದವು, ಜನ ಅಂದು ಹೇಳಿದ್ದು ಸರಿಯೇ ಇತ್ತು. ನಾಲ್ಕು ಇನ್ನೂ ಕೆಳಗಿಳಿದವು. ಆ ನಾಲ್ಕರಲ್ಲಿ ಒಂದು ನಾನು ಹುಡುಗಿಯಾಗಿದ್ದಾಗ ಐದು ಸಲ ನೋಡಿದ್ದ ಚಿತ್ರ. ಅದರಲ್ಲಿ ನಾಯಕ ಹೆಣ್ಣಿಗೆ ಕಪಾಳಕ್ಕೆ ಹೊಡೆಯುವ ದೃಶ್ಯಕ್ಕೆ ನಾನು ಚಪ್ಪಾಳೆ ತಟ್ಟಿದ್ದೆ ಎಂಬುದು ಮೂರನೇ ಚೀಟಿ ಬರೆಯುವಾಗ ನೆನಪಾಯಿತು. ಅದನ್ನೂ ಬರೆದು ಹಾಕಿದೆ. ಹಳೆಯ ಚಿತ್ರಗಳನ್ನು ಹೊಗಳಲು ಮಾತ್ರ ಚೀಟಿ ಪದ್ಧತಿ ಬಳಸುತ್ತೇವೆ ಎನ್ನುವವರಿಗೆ ಇದು ಬೇಡವೇ ಬೇಡ, ಜನ ಎರಡೇ ವಾರದಲ್ಲಿ ಕಂಡುಹಿಡಿಯುತ್ತಾರೆ.

ಹಣದ ವಿಷಯ. ಟಿಕೆಟ್ ಇಲ್ಲ, ಮನೆಯ ಕೂಟ ಇದು. ಬಂದವರು 80 ರೂಪಾಯಿ ಡಬ್ಬಿಗೆ ಹಾಕುತ್ತಾರೆ, ಹಾಕದಿದ್ದರೆ ಯಾರೂ ನೋಡುವುದಿಲ್ಲ. ಸರಾಸರಿ 15 ಜನ. ಚಹಾ, ಚುರುಮುರಿಗೆ 500 ಹೋದರೆ ಆರೇಳು ನೂರು ಉಳಿಯುತ್ತದೆ. ಊಟ ನಿಲ್ಲಿಸಿದ ಮೇಲೆ ಜನ ಹೆಚ್ಚಾದರು ಎಂದರೆ ನಂಬಿ. ಟಿವಿಗೆ ಮೂವರು ಹಾಕಿದ್ದರಲ್ಲಿ ಅರ್ಧ ವಾಪಸು ಬಂದಿದೆ. ಮೊದಲ ವರ್ಷದ 40,000 ಬರುವುದಿಲ್ಲ, ಅದರ ಆಸೆಯೂ ನನಗಿಲ್ಲ.

ಭಾವನವರಿಗೆ ನಮೂನೆ ಕಳಿಸಿದೆ. ಅವರು ಅದರ ಎರಡನೆಯ ಪ್ರಶ್ನೆಯನ್ನು ತೆಗೆದು ಅಚ್ಚು ಮಾಡಿಸುತ್ತೇನೆ ಎಂದರು, ಜನಕ್ಕೆ ಮುಜುಗರವಾಗುತ್ತದಂತೆ. ಅದನ್ನು ತೆಗೆದರೆ ಉಳಿದದ್ದು ಬರಿ ಕಾಗದ, ಬೇಡ ಭಾವ ಎಂದು ಹೇಳಿದ್ದೇನೆ. ಮುಂದಿನ ತಿಂಗಳು ಎಂ.ಎಸ್. ಸತ್ಯು ಅವರ ‘ಬರ’. ಸತ್ಯು ನಮ್ಮ ಮೈಸೂರಿನವರೇ. ಮಂಡ್ಯದ ಹಿರಿಯರು ಈಗಲೇ ಫೋನ್ ಮಾಡಿ ಎಷ್ಟು ಗಂಟೆಗೆ ಎಂದು ಕೇಳಿದ್ದಾರೆ. ಸಂಜೆ ಐದಕ್ಕೆ ಇಟ್ಟಿದ್ದೇನೆ, ಅವರಿಗೆ ರಾತ್ರಿಯ ರೈಲು ಸಿಗಬೇಕು.